ಮಂಗಳೂರಿನ ಸೆಕೆಗೆ ಕೈಮಗ್ಗದ ಬೈರಾಸು

ಮೇ ತಿಂಗಳಲ್ಲಿ ಮಕ್ಕಳನ್ನು ಕಟ್ಟಿಕೊಂಡು ಮಂಗಳೂರಿನ ನೆಂಟರ ಮನೆಗೆ ಹೊರಟಿದ್ದೀರಾ? ಹಾಗಿದ್ದರೆ ದಪ್ಪ ಟರ್ಕಿ ಟವೆಲ್‌ಗಳನ್ನು ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಸಿಗುವ ಬೈರಾಸು, ಅಂದರೆ ಮೈ ಒರೆಸುವ ತೆಳು ಹತ್ತಿ ಬಟ್ಟೆ, ಕೊಳ್ಳಿ. ಐದು ದಿನ ಅಕ್ಕನ ಮನೆಯಲ್ಲಿ, ಆಮೇಲೆ ಎರಡು ತಿಂಗಳು ಹುಬ್ಬಳ್ಳಿಯಲ್ಲಿ ಬಳಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನಮ್ಮೂರಲ್ಲೂ ಬಿಸಿಲು ಕಮ್ಮಿ ಏನಲ್ಲ. ಆದರೆ ಅದು ಒಣ ಬಿಸಿಲು, ಮರದ ನೆರಳಿಗೆ ಬಂದರೆ ಜೀವ ತಣ್ಣಗಾಗುತ್ತದೆ. ಮಂಗಳೂರಲ್ಲಿ ಹಾಗಲ್ಲ. ಫ್ಯಾನಿನ ಕೆಳಗೆ ಸುಮ್ನೆ ಕೂತರೂ ಬೆವರು ಇಳಿಯುತ್ತದೆ, ಗಾಳಿಯಲ್ಲೇ ಅಷ್ಟು ನೀರಿರುವಾಗ ಆ ಬೆವರು ಆರುವುದಾದರೂ ಹೇಗೆ ಅಲ್ವಾ? ಮಕ್ಕಳು ದಿನಕ್ಕೆ ಮೂರು ಸಲ ಸ್ನಾನ ಮಾಡುತ್ತಿದ್ದರು. ಬೆಳಿಗ್ಗೆ ಹರವಿದ ಟವೆಲ್ ಸಂಜೆ ಮುಟ್ಟಿದರೆ ಇನ್ನೂ ಹಸಿ ಹಸಿ. ಎರಡನೇ ದಿನಕ್ಕೇ ಮುಗ್ಗಲು ವಾಸನೆ ಶುರುವಾಯಿತು. ಚಿಕ್ಕವಳಿಗಂತೂ ಕುತ್ತಿಗೆ, ಬೆನ್ನ ತುಂಬ ಬೆವರುಸಾಲೆ. ಟವೆಲ್ ತಾಗಿಸಿದರೆ ಸಾಕು, ಚುಚ್ಚುತ್ತದೆ ಅಂತ ಅಳುತ್ತಿದ್ದಳು.

ಅಕ್ಕನ ಅತ್ತೆ ಅದನ್ನು ನೋಡಿ, "ಈ ಸೆಕೆಗೆ ಎಂತಕ್ಕೆ ಕಂಬಳಿ ಮಾರಾಯ್ತಿ? ಮಗುವಿಗೆ ಬೈರಾಸು ಕೊಡು" ಅಂದರು. ಒಳಗಿನಿಂದ ತಮ್ಮದೇ ಹಳೆಯ ಬೈರಾಸು ತಂದರು. ಬಿಳಿ ಬಟ್ಟೆ, ಕೆಂಪು ಅಂಚು, ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಮಸುಕಾಗಿ ಕಾಣುವಷ್ಟು ತೆಳು. ಅದನ್ನು ನೀರಲ್ಲಿ ಅದ್ದಿ ಹಿಂಡಿ ಮಗುವಿನ ಬೆನ್ನಿಗೆ ಹೊದಿಸಿದರು. ಉಜ್ಜಬಾರದಂತೆ, ಒತ್ತಿ ತೆಗೆಯಬೇಕಂತೆ. ಆ ಮಧ್ಯಾಹ್ನ ಅವಳು ಅಳದೆ ಮಲಗಿದಳು. ತೊಳೆದು ಫ್ಯಾನಿನ ಕೆಳಗೆ ಕುರ್ಚಿಯ ಮೇಲೆ ಹಾಕಿದ ಬೈರಾಸು, ನಾವು ಊಟ ಮುಗಿಸಿ ಪಾತ್ರೆ ತೊಳೆಯುವಷ್ಟರಲ್ಲಿ ಒಣಗಿತ್ತು.

ಕಾರಣ ಸರಳ. ಟರ್ಕಿ ಟವೆಲ್ ಮೇಲೆಲ್ಲ ದಾರದ ಕುಣಿಕೆಗಳಿರುತ್ತವೆ, ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೈರಾಸು ಬರೀ ಉದ್ದ ಅಡ್ಡ ಎಳೆಗಳ ಸಾದಾ ಹತ್ತಿ ನೇಯ್ಗೆ. ಹೀರುತ್ತದೆ, ಬೇಗ ಬಿಟ್ಟೂ ಕೊಡುತ್ತದೆ.

ಕೊಳ್ಳುವಾಗ ಮಾತ್ರ ಹುಷಾರು. ನಾವು ಮೊದಲು ಪೇಟೆಯ ಒಂದು ಅಂಗಡಿಯಲ್ಲಿ ಕೈಮಗ್ಗದ್ದು ಅಂತ ಹೇಳಿದ್ದನ್ನು ನಂಬಿ ಎರಡು ತಂದೆವು. ಮೈ ಒರೆಸಿದರೆ ನೀರು ಅತ್ತಿಂದಿತ್ತ ಜಾರುತ್ತಿತ್ತು ಅಷ್ಟೇ. ಅತ್ತೆ ಅಂಚಿನಿಂದ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿದರು. ತುದಿ ಕರಗಿ ಸಾಸಿವೆಯಂಥ ಗಟ್ಟಿ ಕಪ್ಪು ಗುಂಡಾಯಿತು. ತಮ್ಮ ಹಳೆಯದರಿಂದ ಇನ್ನೊಂದು ಎಳೆ ಹಿಡಿದರು. ಅದು ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗಿ ಉದುರಿತು. ಗುಂಡಾದರೆ ಪಾಲಿಯೆಸ್ಟರ್ ಬೆರಕೆ, ಬೂದಿಯಾದರೆ ಹತ್ತಿ. ನನಗೆ ನಿಜಕ್ಕೂ ಸಿಟ್ಟು ಬಂತು, ದುಡ್ಡಿಗಿಂತ ಜಾಸ್ತಿ ಆ ಸುಳ್ಳಿಗೆ. ಆಮೇಲೆ ನೇಕಾರರ ಸಂಘದ ಅಂಗಡಿಯಲ್ಲಿ ಆರು ಕೊಂಡೆವು. ಒಂದಕ್ಕೆ 150 ರೂಪಾಯಿ ಬಿತ್ತು. ಕೈಯಿಂದ ನೇಯುವ ಕೆಲಸಕ್ಕೆ ಅದು ಹೆಚ್ಚೇನಲ್ಲ.

ಹೊಸದರಲ್ಲಿ ಎರಡು ತೊಂದರೆ ಇವೆ. ಗಂಜಿ ಇರುವುದರಿಂದ ಮೊದಲು ನೀರೇ ಹೀರುವುದಿಲ್ಲ, ಮೂರು ಒಗೆತ ಕಾಯಬೇಕು. ನಮ್ಮ ಕೆಂಪು ಅಂಚು ಮೊದಲ ಸಲ ಬಣ್ಣ ಬಿಟ್ಟಿತು, ಹಾಗಾಗಿ ಶಾಲೆಯ ಬಿಳಿ ಅಂಗಿಯ ಜೊತೆ ನೆನೆಸಬೇಡಿ. ಹತ್ತು ಒಗೆತ ಆದ ಮೇಲೆ ನೋಡಿ, ಹಳೆಯ ಕಾಟನ್ ಸೀರೆಯ ಸೆರಗಿನಷ್ಟು ಮೆತ್ತಗಾಗುತ್ತದೆ. ಪಣಂಬೂರು ಬೀಚಿಗೆ ಹೋದಾಗ ಮಕ್ಕಳ ತಲೆಗೆ ಒದ್ದೆ ಮಾಡಿ ಕಟ್ಟಿದೆವು. ರಾತ್ರಿ ಅದನ್ನೇ ಹಾಸಿಗೆಯ ಮೇಲೆ ಹಾಸಿದೆವು.

ಮಂಗಳೂರಿಗೆ ನೇಯ್ಗೆ ಹೊಸದಲ್ಲ. 1834ರಲ್ಲಿ ಬಂದ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು ಹಂಚಿನ ಕಾರ್ಖಾನೆಗೂ ಮೊದಲೇ ಇಲ್ಲಿ ನೇಯ್ಗೆಯ ಕಾರ್ಖಾನೆ ನಡೆಸಿದ್ದರು, ಖಾಕಿ ಬಟ್ಟೆ ಇಲ್ಲೇ ತಯಾರಾಯಿತು ಅಂತ ಊರವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. ಕಟೀಲಿಗೆ ಹೋಗುವುದಿದ್ದರೆ ಪಕ್ಕದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಂಘವಿದೆ, ಉಡುಪಿ ಸೀರೆ ನೇಯುತ್ತಾರೆ. ಅವ್ವನಿಗೆ ಅಂಥದೊಂದು ತೆಳು ಹತ್ತಿ ಸೀರೆ ಕೊಂಡೆ. ಈ ಸೆಕೆಯನ್ನು ಅರಿತವರು ನೇಯ್ದ ಬಟ್ಟೆ ಅಂತ ಉಟ್ಟವರಿಗೇ ಗೊತ್ತಾಗುತ್ತದೆ. ಮಗ್ಗದ ಮುಂದೆ ಕೂರುವವರು ವರ್ಷ ವರ್ಷಕ್ಕೆ ಕಮ್ಮಿಯಾಗುತ್ತಿದ್ದಾರೆ. ನನಗೆ ಅದು ಬೇಜಾರಿನ ಸಂಗತಿ.

ಹೊರಡುವ ದಿನ ಅತ್ತೆ ತಮ್ಮ ಆ ಹಳೆಯ ಬೈರಾಸನ್ನೇ ಮಡಚಿ ಮಗಳ ಬ್ಯಾಗಿಗೆ ಹಾಕಿದರು. ಹೊಸದು ಆರಿದ್ದರೂ ಅವಳಿಗೆ ಅದೇ ಬೇಕು. ಅಂಚು ಬಿಚ್ಚಿಕೊಂಡಿತ್ತು, ನಿನ್ನೆ ಕೂತು ಹೊಲಿದೆ.