ಮೂರು ವರ್ಷ ಪ್ರೊಮಿಥಿಯಸ್ ಬಳಸಿದ ಮೇಲೆ

ದಾವಣಗೆರೆ ಎಪಿಎಂಸಿಯ ಕೆಲವು ದಲ್ಲಾಲಿ ಅಂಗಡಿಗಳಿಗೆ ನಾವು ಮೂವರು ಸೇರಿ ಬಿಲ್ಲಿಂಗ್ ಸಾಫ್ಟ್‌ವೇರ್ ನಡೆಸುತ್ತೇವೆ. ಸರ್ವರ್‌ಗಳ ಮೇಲೆ ಕಣ್ಣಿಡೋಕೆ ಪ್ರೊಮಿಥಿಯಸ್, ಗ್ರಾಫ್ ನೋಡೋಕೆ ಗ್ರಫಾನಾ. ಎರಡಕ್ಕೂ ಕಾಸು ಕೊಟ್ಟಿಲ್ಲ. ಪ್ರೊಮಿಥಿಯಸ್ ತಾನೇ ಹೋಗಿ 15 ಸೆಕೆಂಡ್‌ಗೊಮ್ಮೆ ಪ್ರತಿ ಸರ್ವರ್‌ನಿಂದ ಸಿಪಿಯು, ಡಿಸ್ಕ್ ಎಷ್ಟು ಬಳಕೆಯಾಗಿದೆ ಅನ್ನೋ ಥರದ ಅಂಕಿ ಎಳೆದುಕೊಂಡು ಬರುತ್ತದೆ. ಸಣ್ಣ ಯಂತ್ರದಲ್ಲೇ ಆರಾಮಾಗಿ ಓಡುತ್ತಿದೆ.

ಮೊದಲ ವರ್ಷ ಸಿಪಿಯು ಶೇ. 80 ದಾಟಿದರೆ ಅಲರ್ಟ್ ಇಟ್ಟಿದ್ದೆವು. ರಾತ್ರಿ ಬ್ಯಾಕಪ್ ಶುರುವಾದಾಗಲೆಲ್ಲ ಫೋನ್ ಬಡಿದುಕೊಳ್ಳುತ್ತಿತ್ತು. ಎದ್ದು ನೋಡಿದರೆ ಏನೂ ಆಗಿರುತ್ತಿರಲಿಲ್ಲ. ಬರಬರುತ್ತಾ ನೋಡೋದನ್ನೇ ಬಿಟ್ಟೆವು. ಮೆಕ್ಕೆಜೋಳದ ಸೀಸನ್‌ನಲ್ಲಿ ಒಂದು ಬೆಳಗ್ಗೆ ಡಿಸ್ಕ್ ತುಂಬಿ ಬಿಲ್ ಹೊಡೆಯೋದು ನಿಂತಿತು. ಅದರ ಅಲರ್ಟ್ ಬಂದಿತ್ತು, ಉಳಿದ ನಲವತ್ತರ ನಡುವೆ ಕೂತಿತ್ತು. ನಮಗೆ ವಿಷಯ ಮುಟ್ಟಿಸಿದ್ದು ಅಂಗಡಿಯ ಗುಮಾಸ್ತರು: "ಸಾರ್, ಲಾರಿ ನಿಂತೈತೆ, ತೂಕದ ಚೀಟಿ ಕೈಯಾಗೈತೆ, ಬಿಲ್ಲು ಬರ್ತಿಲ್ಲ ನೋಡ್ರಿ."

ಅವತ್ತೇ ಸಿಪಿಯು ಅಲರ್ಟ್ ಕಿತ್ತು ಹಾಕಿದೆವು. ಈಗ ಬಿಲ್ ಸೇವ್ ಆಗೋಕೆ 3 ಸೆಕೆಂಡ್‌ಗಿಂತ ಜಾಸ್ತಿ ಹಿಡಿದು, 5 ನಿಮಿಷ ಹಾಗೇ ಇದ್ದರೆ ಮಾತ್ರ ಫೋನ್ ಕೂಗುತ್ತದೆ. ಡಿಸ್ಕ್‌ಗೆ 'ಪ್ರೆಡಿಕ್ಟ್ ಲೀನಿಯರ್' ಅನ್ನೋ ಫಂಕ್ಷನ್ ಇದೆ. ತುಂಬುತ್ತಿರುವ ವೇಗ ನೋಡಿ ನಾಳೆ ಹೊತ್ತಿಗೆ ಜಾಗ ಉಳಿಯುತ್ತಾ ಅಂತ ಲೆಕ್ಕ ಹಾಕುತ್ತದೆ. ಇದೊಂದಕ್ಕೇ ನಾನು ಪ್ರೊಮಿಥಿಯಸ್ ಬಿಡೋದಿಲ್ಲ.

ತಡವಾಗಿ ಅರ್ಥವಾದದ್ದು ಇನ್ನೊಂದಿದೆ. ಬ್ಯಾಕಪ್ ಆಗಿ 26 ಗಂಟೆ ಮೀರಿದರೆ ತಿಳಿಸು ಅಂತ ನಿಯಮ ಬರೆದಿದ್ದೆ. ಸರ್ವರ್ ಬದಲಿಸಿದಾಗ ಬ್ಯಾಕಪ್‌ನ ಕ್ರಾನ್ ಸಾಲನ್ನು (ಹೊತ್ತಿಗೆ ಸರಿಯಾಗಿ ಕೆಲಸ ತಾನೇ ಓಡಿಸೋ ಸೂಚನೆ) ಹೊಸ ಯಂತ್ರಕ್ಕೆ ಹಾಕೋದನ್ನು ಮರೆತೆ. ಅಂಕಿಯೇ ಬರದಿದ್ದರೆ ಹೋಲಿಸೋಕೆ ಏನೂ ಇರೋದಿಲ್ಲ, ಅಲರ್ಟ್ ಸುಮ್ನೆ ಇದ್ದುಬಿಡುತ್ತದೆ. ಒಂಬತ್ತು ದಿನ ಬ್ಯಾಕಪ್ ಇಲ್ಲದೆ ನಡೆಸಿದ್ದೇವೆ. ಅಷ್ಟೂ ರೈತರ ದುಡ್ಡಿನ ಲೆಕ್ಕ. ನೆನೆದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ಅಂಕಿ ಕಾಣೆಯಾದರೆ ಹೇಳೋಕೆ 'ಆಬ್ಸೆಂಟ್' ಅಂತ ಬೇರೆ ಫಂಕ್ಷನ್ ಇದೆ. ಈಗ ಅಂಥ ಪ್ರತಿ ನಿಯಮದ ಪಕ್ಕದಲ್ಲೂ ಅದನ್ನು ಹಾಕಿದ ಇನ್ನೊಂದು ನಿಯಮ ಇಟ್ಟಿದ್ದೇನೆ.

ಎಲ್ಲಿ, ಎಷ್ಟು ಹೊತ್ತಿಗೆ ಕೆಟ್ಟಿತು ಅಂತ ಪ್ರೊಮಿಥಿಯಸ್ ತೋರಿಸುತ್ತದೆ. ಯಾಕೆ ಅನ್ನೋದಕ್ಕೆ ಸಾಫ್ಟ್‌ವೇರ್ ತಾನೇ ಬರೆದಿಡೋ ಲಾಗ್‌ಗಳನ್ನೇ ನೋಡಬೇಕು. ಸೆಟ್ಟಿಂಗ್ ಮುಟ್ಟದಿದ್ದರೆ 15 ದಿನದ ಅಂಕಿ ಮಾತ್ರ ಉಳಿಯುತ್ತದೆ. ಹೋದ ಸೀಸನ್ ಜೊತೆ ಹೋಲಿಸಬೇಕು ಅಂದರೆ ಮೊದಲ ದಿನವೇ 400 ದಿನ ಅಂತ ಕೊಟ್ಟುಬಿಡಿ. ಮತ್ತೆ, ಅದು ಕಾಯಬೇಕಾದ ಸರ್ವರ್‌ನಲ್ಲೇ ಅದನ್ನು ಇನ್‌ಸ್ಟಾಲ್ ಮಾಡಬೇಡಿ. ಕರೆಂಟ್ ಹೋದರೆ ಎರಡೂ ಒಟ್ಟಿಗೇ ಮಲಗುತ್ತವೆ.