ಟೆಸ್ಟೋಸ್ಟಿರಾನ್ ರಿಪೋರ್ಟ್ ತೋರಿಸಿ ಹೆದರಿಸ್ತಾರೆ, ಮೊದಲು ಯೂನಿಟ್ ನೋಡಿ

ಕಾರವಾರದಲ್ಲಿ ‘ಪುರುಷರ ಆರೋಗ್ಯ ಪ್ಯಾಕೇಜ್’ ಅಂತ ಬೋರ್ಡ್ ಹಾಕಿಕೊಂಡವರ ಹತ್ತಿರ ಹೋಗುವ ಮೊದಲು ಇದನ್ನು ಓದಿ. ಹೆಸರು ಬರೆಯುವುದಿಲ್ಲ. ರಿಪೋರ್ಟ್ ನಮ್ಮ ಭಾವನದ್ದು. ನಾಚಿಕೆಗೆ ಅವರು ಯಾರ ಹತ್ತಿರವೂ ಹೇಳಲಾರರು, ಅದಕ್ಕೇ ನಾನು ಬರೆಯುತ್ತಿದ್ದೇನೆ.

ಟೋಟಲ್ ಟೆಸ್ಟೋಸ್ಟಿರಾನ್ (ರಕ್ತದಲ್ಲಿರುವ ಪುರುಷ ಹಾರ್ಮೋನಿನ ಒಟ್ಟು ಪ್ರಮಾಣ) 12.8 ಬಂದಿತ್ತು. ಕೌಂಟರಿನವ ಅದರ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ ಎಳೆದು ಗೋಡೆಯ ಚಾರ್ಟ್ ತೋರಿಸಿದ. “ನೋಡಿ ಸರ್, 300ರಿಂದ 1000 ಇರಬೇಕು. ನಿಮ್ದು ಹದಿಮೂರೂ ಇಲ್ಲ.” ಹಿಂದೆ ನಿಂತವರಿಗೆಲ್ಲ ಕೇಳುವ ಹಾಗೆ!

ಸ್ವಾಮಿ, ಆ 12.8 ನ್ಯಾನೊಮೋಲ್ ಪ್ರತಿ ಲೀಟರ್. ಗೋಡೆಯ ಚಾರ್ಟು ನ್ಯಾನೊಗ್ರಾಂ ಪ್ರತಿ ಡೆಸಿಲೀಟರಿನದು. 28.84ರಿಂದ ಗುಣಿಸಿ: 369. ಸರಿಯಾಗೇ ಇದೆ! ಅದೇ ಹಾಳೆಯಲ್ಲಿ, ಪಕ್ಕದ ಕಾಲಂನಲ್ಲೇ, 8.64ರಿಂದ 29 ಅಂತ ರೇಂಜ್ ಅಚ್ಚಾಗಿದೆ. ಕೆಂಪು ಗೆರೆ ಎಳೆದವನ ಕಣ್ಣಿಗೆ ಅದು ಮಾತ್ರ ಬೀಳಲಿಲ್ಲ. ಕೆಲವು ಲ್ಯಾಬ್ ನ್ಯಾನೊಗ್ರಾಂ ಪ್ರತಿ ಮಿಲಿಲೀಟರಿನಲ್ಲಿ ಕೊಡುತ್ತವೆ, ಆಗ ಇದೇ ರಕ್ತ 3.69 ಅಂತ ಬರುತ್ತದೆ. ಅದನ್ನು 100ರಿಂದ ಗುಣಿಸಬೇಕು.

ಫೋನ್ ಮಾಡಿ ಕೇಳಿದ್ದಕ್ಕೆ ಉತ್ತರ: “ಯೂನಿಟ್ ಎಲ್ಲ ಟೆಕ್ನಿಕಲ್ ಸರ್, ನಿಮಗೆ ಅರ್ಥ ಆಗೂದಿಲ್ಲ.” ಒತ್ತಿ ಕೇಳಿದರೆ, “ರೇಂಜ್ ಲ್ಯಾಬಿಂದ ಲ್ಯಾಬಿಗೆ ಬೇರೆ ಇರ್ತದೆ.” ಹೌದಲ್ಲ! ಯಂತ್ರ, ವಿಧಾನ ಬದಲಾದರೆ ರೇಂಜೂ ಬದಲಾಗುತ್ತದೆ. ಹಾಗಿದ್ದ ಮೇಲೆ ಹಾಳೆಯ ರೇಂಜ್ ಬಿಟ್ಟು ಗೋಡೆ ಯಾಕೆ ತೋರಿಸಿದಿರಿ? ಇದಕ್ಕೆ ಉತ್ತರವಿಲ್ಲ.

ಇನ್ನೊಂದು. ರಸೀದಿಯಲ್ಲಿ ರಕ್ತ ತೆಗೆದ ಹೊತ್ತು ಸಂಜೆ 4:40, ಊಟ ಆದ ಮೇಲೆ. ಈ ಹಾರ್ಮೋನ್ ಬೆಳಿಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತದೆ, ಊಟವೂ ಇಳಿಸುತ್ತದೆ. ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಬೇಕು. ಜ್ವರ ಬಂದು ಎದ್ದ ವಾರ ಬೇಡ. ರಾತ್ರಿಯಿಡೀ ಬೋಟಿನಲ್ಲಿದ್ದವರು, ಕೈಗಾದಲ್ಲಿ ನೈಟ್ ಶಿಫ್ಟ್ ಮುಗಿಸಿದವರು ಸೀದಾ ಬಂದು ಕೈ ಚಾಚಬೇಡಿ, ನಿದ್ದೆಗೆಟ್ಟ ರಕ್ತದ ಅಂಕಿ ನಂಬುವಂಥದ್ದಲ್ಲ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನು ಸುಳ್ಳೇ ಏರಿಸುತ್ತದೆ.

ಅಮೆರಿಕದ ಯುರಾಲಜಿ ಸಂಘದ ಪ್ರಕಾರ, ಎರಡು ಬೇರೆ ಬೇರೆ ದಿನ ಬೆಳಿಗ್ಗೆ ತೆಗೆದ ರಕ್ತದಲ್ಲಿ 300 ನ್ಯಾನೊಗ್ರಾಂ ಪ್ರತಿ ಡೆಸಿಲೀಟರಿಗಿಂತ ಕಡಿಮೆ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ. ಇಲ್ಲಿ ಒಂದೇ ಸಂಜೆಯ ಸ್ಯಾಂಪಲ್ಲಿಗೆ ತೀರ್ಪು!

‘ಫ್ರೀ ಟೆಸ್ಟೋಸ್ಟಿರಾನ್’ (ಪ್ರೋಟೀನಿಗೆ ಅಂಟದೆ ರಕ್ತದಲ್ಲಿ ಬಿಡಿಯಾಗಿರುವ ಭಾಗ) ಅಂತ ಬೇರೆ ದುಡ್ಡು ಕಿತ್ತರು. ನೇರವಾಗಿ ಕಿಟ್‌ನಲ್ಲಿ ಅಳೆಯುವ ಅಗ್ಗದ ಫ್ರೀ ಟೆಸ್ಟ್ ಭರವಸೆಯದ್ದಲ್ಲ. ಎಸ್‌ಎಚ್‌ಬಿಜಿ ಮತ್ತು ಅಲ್ಬುಮಿನ್ (ಎರಡೂ ರಕ್ತದಲ್ಲಿ ಈ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನುಗಳು) ಅಳೆದು ಲೆಕ್ಕ ಹಾಕಿದ್ದು ಮೇಲು. ಹೊಟ್ಟೆ ಬಂದವರಿಗೆ, ಶುಗರ್ ಇದ್ದವರಿಗೆ ಎಸ್‌ಎಚ್‌ಬಿಜಿ ಇಳಿದಿರುತ್ತದೆ. ಆಗ ಟೋಟಲ್ ಕಡಿಮೆ ಕಂಡರೂ ಫ್ರೀ ಸರಿಯಾಗೇ ಇರಬಹುದು.

ಎಲ್ಲಕ್ಕಿಂತ ಸಿಟ್ಟು ಬಂದದ್ದು ಆಮೇಲೆ. “3 ವಾರಕ್ಕೊಂದು 250 ಮಿಲಿಗ್ರಾಂ ಇಂಜೆಕ್ಷನ್, ಇವತ್ತೇ ಶುರು ಮಾಡುವಾ.” ಎಲ್‌ಎಚ್, ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್ (ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಬಿಡುವ ಹಾರ್ಮೋನುಗಳು) ನೋಡಿಲ್ಲ. ತೊಂದರೆ ವೃಷಣದ್ದೋ ಪಿಟ್ಯುಟರಿಯದ್ದೋ ಗೊತ್ತಾಗುವುದೇ ಅವುಗಳಿಂದ. ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡಿಲ್ಲ, ಈ ಇಂಜೆಕ್ಷನ್ನಿಗೆ ಅದು ಏರಿ ರಕ್ತ ದಪ್ಪವಾಗುತ್ತದೆ. ಮಕ್ಕಳಿದ್ದಾರಾ, ಬೇಕಾ ಅಂತ ಬಾಯಿಮಾತಿಗೂ ಕೇಳಿಲ್ಲ. ಭಾವನಿಗೆ ಮದುವೆಯಾಗಿ ವರ್ಷವೂ ತುಂಬಿಲ್ಲ. ಹೊರಗಿನಿಂದ ಟೆಸ್ಟೋಸ್ಟಿರಾನ್ ಕೊಟ್ಟರೆ ಎಲ್‌ಎಚ್, ಎಫ್‌ಎಸ್‌ಎಚ್ ಕುಸಿದು ವೀರ್ಯಾಣು ಉತ್ಪಾದನೆ ನಿಲ್ಲಬಹುದು, ಮರಳಲು ತಿಂಗಳುಗಟ್ಟಲೆ ಬೇಕು.

ಇಷ್ಟೂ ಹೇಳಿದೆ. ಆ ಕಡೆಯಿಂದ ಬಂದ ಮಾತು: “ರೀಟೆಸ್ಟ್ ಮಾಡಿಸಿ ಸರ್, ಡಿಸ್ಕೌಂಟ್ ಕೊಡ್ತೇವೆ.”

ರಸೀದಿ ಇಟ್ಟುಕೊಳ್ಳಿ, ಅದರ ಮೇಲೆ ರಕ್ತ ತೆಗೆದ ಹೊತ್ತು ಬರೆಸಿಕೊಳ್ಳಿ. ಇಂಜೆಕ್ಷನ್ ಅಂದ ಕೂಡಲೇ ಎದ್ದು ಬಂದು ರಿಪೋರ್ಟನ್ನು ಎಂಡೋಕ್ರೈನಾಲಜಿಸ್ಟಿಗೋ (ಹಾರ್ಮೋನ್ ತಜ್ಞ) ಯುರಾಲಜಿಸ್ಟಿಗೋ ತೋರಿಸಿ.