ವೇಸ್ಟ್ ನೀರೇ ಬರಲ್ಲ ಅನ್ನುವ ಆರ್‌ಒ ನಂಬಬೇಡಿ

ಮುಳಬಾಗಿಲಿನ ನಮ್ಮ ಮನೆಯಲ್ಲಿ 8 ತಿಂಗಳು ಬೋರ್ ನೀರನ್ನೇ ಯಂತ್ರದಲ್ಲಿ ಸೋಸಿದ ಆರ್‌ಒ ನೀರು ಅಂದುಕೊಂಡು ಕುಡಿದೆವು. ನಿಮ್ಮ ಮನೆಯಲ್ಲೂ ಹೀಗೆ ಆಗಿರಬಹುದು, ಅದಕ್ಕೇ ಬರೆಯುತ್ತಿದ್ದೇನೆ.

ಯಂತ್ರದೊಳಗೆ ನೀರು ಸೋಸುವ ತೆಳು ಪದರ, ಅಂದರೆ ಹಳೇ ಮೆಂಬ್ರೇನ್ ಹೋಗಿತ್ತು. ಸರ್ವೀಸಿಗೆ ಬಂದ ಹುಡುಗ 1,800 ರೂಪಾಯಿ ತಗೊಂಡು ಹೊಸದು ಹಾಕಿದ. "ಅಕ್ಕಾ, ಇದು ಹೊಸ ಟೆಕ್ನಾಲಜಿ. ಒಂದು ಹನಿ ನೀರೂ ವೇಸ್ಟ್ ಆಗಲ್ಲ. ಮಿನರಲ್ ಹಾಗೇ ಉಳಿಯುತ್ತೆ, ರುಚಿ ಸ್ವಲ್ಪ ಬೇರೆ ಇರುತ್ತೆ" ಅಂದ. ಮೊದಲೆಲ್ಲ ಒಂದು ಲೀಟರ್ ಒಳ್ಳೆ ನೀರಿಗೆ ಎರಡು ಮೂರು ಲೀಟರ್ ವೇಸ್ಟ್ ಪೈಪಿನಲ್ಲಿ ಬರುತ್ತಿತ್ತು. ಸಾವಿರಾರು ಅಡಿ ಕೊರೆದು ನೀರು ತೆಗೆಯುವ ಕೋಲಾರದವರಿಗೆ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತೆ, ಅಲ್ವಾ? ನಾನು ಖುಷಿಯಿಂದ ಒಪ್ಪಿದೆ.

ಮೊದಲು ಅನುಮಾನ ಬಂದಿದ್ದು ನಮ್ಮ ಅತ್ತೆಗೆ. "ಬೇಳೆ ಎಷ್ಟು ಹೊತ್ತಾದರೂ ಬೇಯ್ತಿಲ್ಲ. ಬೋರ್ ನೀರು ಹಾಕಿದ್ದೀಯೇನಮ್ಮಾ?" ಅಂದರು. ಟೀ ಪಾತ್ರೆಯ ತಳದಲ್ಲೂ ಬಿಳಿ ಪದರ ಕಟ್ಟಿತ್ತು. ಪಕ್ಕದ ಮನೆಯಿಂದ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪು, ಖನಿಜ ಎಷ್ಟಿದೆ ಅನ್ನುವ ಅಂಕಿ) ಮೀಟರ್ ತಂದು ಅದ್ದಿದೆ. ನಲ್ಲಿಯ ಬೋರ್ ನೀರು 1,140. ಆರ್‌ಒ ನೀರು 1,120. ಕೈಕಾಲು ತಣ್ಣಗಾಯಿತು.

ಬೇರೆಯವರನ್ನು ಕರೆಸಿ ಬಿಚ್ಚಿಸಿದಾಗ ಒಳಗಿದ್ದದ್ದು ಆರ್‌ಒ ಮೆಂಬ್ರೇನೇ ಅಲ್ಲ, ಅದೇ ಅಳತೆಯ ಯುಎಫ್ (ಅಲ್ಟ್ರಾಫಿಲ್ಟ್ರೇಷನ್), ಇನ್ನೂ ದೊಡ್ಡ ರಂಧ್ರಗಳ ಸೋಸುಕ. ವೇಸ್ಟ್ ಪೈಪಿಗೆ ಆ ಹುಡುಗ ಬಿರಡೆ ಹಾಕಿದ್ದ. ಯುಎಫ್ ಕೆಸರು, ಬ್ಯಾಕ್ಟೀರಿಯಾ ತಡೆಯುತ್ತದೆ ನಿಜ. ಆದರೆ ಕರಗಿದ ಉಪ್ಪು, ಹೆಚ್ಚಾದರೆ ಹಲ್ಲಿಗೆ ಕಲೆ ತರುವ ಫ್ಲೋರೈಡ್ ಅದರೊಳಗಿಂದ ಸಲೀಸಾಗಿ ದಾಟಿ ಹೋಗುತ್ತವೆ.

ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದಲ್ಲ, ನೀರು ತಾನಾಗಿ ಸಾಂದ್ರ ಇರುವ ಕಡೆಗೆ ಹೋಗುತ್ತದೆ. ಆರ್‌ಒದಲ್ಲಿ ಪಂಪು ಒತ್ತಡ ಹಾಕಿ ಅದನ್ನು ಉಲ್ಟಾ ನಡೆಸುತ್ತದೆ. ನೀರು ತೆಳುವಾದ ಪಾಲಿಅಮೈಡ್ ಪದರ ದಾಟುತ್ತದೆ, ಉಪ್ಪಿನಲ್ಲಿ ಹೆಚ್ಚಿನ ಪಾಲು ಈಚೆಯೇ ನಿಲ್ಲುತ್ತದೆ. ನಿಂತ ಉಪ್ಪನ್ನು ಯಾರಾದರೂ ತೊಳೆದು ಹೊರಗೆ ಹಾಕಬೇಕಲ್ಲ? ಆ ಕೆಲಸ ವೇಸ್ಟ್ ನೀರಿನದು. ಅದು ನಿಂತರೆ ಉಪ್ಪು ಕಟ್ಟಿಕೊಂಡು ಮೆಂಬ್ರೇನ್ ಹಾಳಾಗಬೇಕು. 8 ತಿಂಗಳು ಹಾಳಾಗದೆ ನೀರು ಬರುತ್ತಿದೆ ಅಂದರೆ ಅಲ್ಲಿ ಉಪ್ಪೇ ನಿಂತಿಲ್ಲ ಅಂತ ಅರ್ಥ. ಇಷ್ಟು ನನಗೆ ಮೊದಲೇ ಗೊತ್ತಿದ್ದರೆ ಆ ಹುಡುಗನನ್ನು ಬಾಗಿಲಲ್ಲೇ ಕಳಿಸುತ್ತಿದ್ದೆ.

ನಲ್ಲಿ ನೀರು, ಯುಎಫ್ ದಾಟಿ ಬಂದ ನೀರು ಎರಡನ್ನೂ ಲ್ಯಾಬಿಗೆ ಕೊಟ್ಟೆ. ಫ್ಲೋರೈಡ್ ಲೀಟರಿಗೆ 2.3 ಮಿಲಿಗ್ರಾಂ, ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ 1 ದಾಟಬಾರದು, ಬೇರೆ ನೀರೇ ಇಲ್ಲ ಅಂದರೆ 1.5 ತನಕ. ಸುಮ್ನೆ ಕಾಯಿಸಿ ಕುಡಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳಿದರು. ಇಲ್ಲ, ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಜಾಸ್ತಿಯಾಗುತ್ತದೆ.

ಮೆಂಬ್ರೇನ್ ಬದಲಿಸುವಾಗ ಎದುರಿಗೇ ನಿಂತುಕೊಳ್ಳಿ. ಟಿಡಿಎಸ್ ಮೊದಲೊಮ್ಮೆ, ಆಮೇಲೊಮ್ಮೆ ನೋಡಿ. ಮೀಟರ್ ಫ್ಲೋರೈಡನ್ನು ಬೇರೆಯಾಗಿ ತೋರಿಸುವುದಿಲ್ಲ, ಆದರೆ ಅಂಕಿ ಇಳಿಯದಿದ್ದರೆ ಮೆಂಬ್ರೇನ್ ಕೆಲಸ ಮಾಡುತ್ತಿಲ್ಲ ಅಂತ ತಿಳಿಯುತ್ತದೆ. "ರುಚಿಗೆ ಸೆಟ್ ಮಾಡ್ತೀನಿ" ಅಂತ ಟಿಡಿಎಸ್ ವಾಲ್ವ್ ತಿರುಗಿಸಲು ಬಿಡಬೇಡಿ. ಅದು ಶುದ್ಧವಾದ ನೀರಿಗೆ ಬೋರ್ ನೀರನ್ನೇ ಬೆರೆಸುತ್ತದೆ, ಜೊತೆಗೆ ಫ್ಲೋರೈಡೂ ಬರುತ್ತದೆ.

ಈಗ ಸರಿಯಾದ ಮೆಂಬ್ರೇನ್ ಹಾಕಿಸಿದ್ದೇವೆ, ಟಿಡಿಎಸ್ 80. ವೇಸ್ಟ್ ನೀರು ಮತ್ತೆ ಬಕೆಟ್ಟಿಗೆ ಬೀಳುತ್ತಿದೆ, ನೆಲ ಒರೆಸಲು ಇಟ್ಟುಕೊಳ್ಳುತ್ತೇನೆ. ಮಗಳಿಗೆ 4 ವರ್ಷ. ಅವಳ ಶಾಶ್ವತ ಹಲ್ಲುಗಳು ಈಗ ವಸಡಿನೊಳಗೆ ಬೆಳೆಯುತ್ತಿವೆ, ಈ ವಯಸ್ಸಲ್ಲೇ ಫ್ಲೋರೈಡ್ ಕಲೆ ಕೂರುವುದು ಅಂದರು ಹಲ್ಲಿನ ಡಾಕ್ಟರು. ಕಲೆ ಇದೆಯೋ ಇಲ್ಲವೋ ಹಲ್ಲು ಬಂದಮೇಲೇ ಗೊತ್ತಾಗುವುದಂತೆ. ಇನ್ನೂ ಎರಡು ಮೂರು ವರ್ಷ ಕಾಯಬೇಕು.